ಓದಲೊಲ್ಲದ ತಟ್ಟೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರತಿವರುಷವೂ ಈ ವೇದಿಕೆಯಿಂದ ನಾನು ಒಂದು ಕಾವ್ಯವನ್ನೋ ಒಬ್ಬ ಶರಣನನ್ನೋ ಕುರಿತು ನಾಲ್ಕು ಮಾತುಗಳನ್ನಾಡುವುದು ರೂಢಿಯಾಗಿದೆ. ಈ ಸಲ ಕಾರ್ಯದರ್ಶಿಗಳು ವಿಷಯವೇನೆಂದು ಕೇಳಿದಾಗ ‘ಕೆಡುತ್ತಿರುವ ಹಾರ್ಡ್ ಡಿಸ್ಕ್’ ಎಂದೆನು. ಅವರು ಕೆಲಹೊತ್ತು ನನ್ನ ಮುಖವನ್ನೇ ನೋಡಿದರು. ಹಳಗನ್ನಡವನ್ನು ಪಾಠ ಹೇಳುವ ವಿದ್ವಾನ್ ಮಾಸ್ತರನಿಗೂ ಕಂಪ್ಯೂಟರಿನ ಒಳಗಿನ ಲೋಹದ ಪೆಟ್ಟಿಗೆಗೂ ಎಲ್ಲಿಯ ನಂಟು ಎಂಬುದು ಅವರ ಸಂದೇಹವಾಗಿದ್ದಿರಬೇಕು. ಆ ಸಂದೇಹ ನನಗೂ ಇದ್ದಿತು. ಕಳೆದ ಬೇಸಗೆಯಲ್ಲಿ ಅದು ಹರಿಯಿತು.

ನಮ್ಮ ಶಾಲೆಯ ಮಕ್ಕಳು ಐದಾರು ವರುಷಗಳಿಂದ ದೀಪಾವಳಿಯ ಸೂಟಿಯಲ್ಲಿ ಹೋಟಗಿ, ಕುಂಭಾರಿ, ವಳಸಂಗ, ಅಕ್ಕಲಕೋಟೆಯ ಸುತ್ತಿನ ಹಳ್ಳಿಗಳಿಗೆ ಹೋಗಿ, ತಮ್ಮ ತಮ್ಮ ಆಯಿಯಂದಿರು ಹಾಡುವ ಬೀಸುವ ಪದ, ಕುಟ್ಟುವ ಪದ, ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ಹಿಡಿದು ತರುತ್ತಿರುವುದು ತಮಗೆಲ್ಲ ತಿಳಿದೇ ಇದೆ. ಹೀಗೆ ಕೂಡಿದ ಹಾಡುಗಳು ೩೪೦. ಬೀಸುವ ಕಲ್ಲು ಮನೆಯ ಮೂಲೆಯನ್ನು ಸೇರಿ ಎಷ್ಟೋ ಕಾಲವಾಯಿತು. ಕಲ್ಲಿನೊಡನೆ ಹಾಡೂ ಮೂಲೆಗೆ ಸೇರುವ ಮುನ್ನ ಹಿಡಿದಿಟ್ಟೆವು ಎಂಬ ಸಮಾಧಾನ ನನ್ನದಾಗಿತ್ತು. ಹಾಡಿದವರಲ್ಲಿ ಹಲವರು ಈಗ ನಮ್ಮೊಡನಿಲ್ಲ. ಆ ಹಾಡುಗಳೆಲ್ಲವನ್ನೂ ಸಂಘದ ಛಾಯಾಚಿತ್ರಗಳೊಡನೆ ಒಂದೇ ಒಂದು ೫೦೦ ಗಿಗಾಬೈಟಿನ ಹಾರ್ಡ್ ಡಿಸ್ಕಿನಲ್ಲಿ ಇರಿಸಿ, ಆ ಡಿಸ್ಕನ್ನು ನನ್ನ ಮೇಜಿನ ಖಾನೆಯಲ್ಲಿಟ್ಟು ನಾನು ನಿಶ್ಚಿಂತನಾಗಿದ್ದೆನು. ಮಕ್ಕಳ ಮೊಬೈಲುಗಳಲ್ಲಿ ಜಾಗ ಸಾಲದೆ ಅವರು ಮೂಲವನ್ನು ಎಂದೋ ಅಳಿಸಿದ್ದರು. ತಪ್ಪು ಅವರದಲ್ಲ, ‘ನನ್ನ ಹತ್ತಿರ ಇದೆಯಲ್ಲ, ಅಳಿಸಿರಿ’ ಎಂದವನು ನಾನೇ.

ಮೇ ತಿಂಗಳ ಒಂದು ಮಧ್ಯಾಹ್ನ ಈ ಸಂಚಿಕೆಗಾಗಿ ಹಾಡೊಂದನ್ನು ಬರೆದುಕೊಳ್ಳಲು ಕುಳಿತೆನು. ಹಾಡು ನಡುವೆಯೇ ನಿಂತಿತು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದ್ದಿತು. ಕೊನೆಗೆ, ಈ ಫೈಲನ್ನು ಓದಲಾಗುತ್ತಿಲ್ಲ ಎಂಬ ಮಾತು ಮೂಡಿತು. ನಾನೇನು ಮಾಡಿದೆನು? ಮತ್ತೆ ಒತ್ತಿದೆನು. ಮತ್ತೆ ನಿಂತಿತು. ಪಾಠ ಒಪ್ಪಿಸಲಾರದ ಹುಡುಗನನ್ನು ಮತ್ತೆ ಮತ್ತೆ ಎಬ್ಬಿಸಿ ನಿಲ್ಲಿಸುವ ಹಳೆಯ ಚಟ. ಅದೇ ಹಾಡನ್ನು ನಲವತ್ತು ಸಲವಾದರೂ ಕೇಳಿರಬೇಕು. ಅಷ್ಟರಲ್ಲಿ ಕಂಪ್ಯೂಟರೇ, ಈ ಡಿಸ್ಕನ್ನು ಪರೀಕ್ಷಿಸಿ ಸರಿಪಡಿಸಲೇ ಎಂದು ವಿನಯದಿಂದ ಕೇಳಿತು. ‘ಹೌದು’ ಎಂಬುದರ ಮೇಲೆ ಬೆರಳಿಡುವ ಮುನ್ನ, ಪುಣೆಯಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿದುದು ಯಾವ ಪುಣ್ಯವೋ ಅರಿಯೆ.

“ಸರ್, ಏನೂ ಒತ್ತಬ್ಯಾಡ್ರಿ. ಮೊದಲ ಬಂದ್ ಮಾಡಿ, ವಾಯರ್ ತಗದು ಇಡ್ರಿ. ನಾ ಶನಿವಾರ ಬರ್ತೀನಿ,” ಎಂದನು.

ಶನಿವಾರ ಬಂದ ಮೇಲೆ ಅವನು ನನಗೆ ಪಾಠ ಹೇಳಿದನು, ನಾನು ಕೇಳಿದೆನು. ಕೇಳಿದುದನ್ನು ನನ್ನ ಶಾಸ್ತ್ರದ ಮಾತಿನಲ್ಲಿ ತಮ್ಮ ಮುಂದೆ ಒಪ್ಪಿಸುತ್ತೇನೆ.

ಹಾರ್ಡ್ ಡಿಸ್ಕ್ ಎಂಬುದು ಒಂದು ಮುಚ್ಚಿದ ಡಬ್ಬಿ. ಒಳಗೆ ಗಾಜಿನ ಅಥವಾ ಅಲ್ಯೂಮಿನಿಯಮ್ಮಿನ ನುಣುಪಾದ ತಟ್ಟೆಗಳು. ಅವುಗಳ ಮೇಲೆ ಅಯಸ್ಕಾಂತ ಗುಣದ ತೆಳುವಾದ ಲೇಪ. ತಟ್ಟೆ ನಿಮಿಷಕ್ಕೆ ೫,೪೦೦ ಸಲ, ಅಂದರೆ ಸೆಕೆಂಡಿಗೆ ತೊಂಬತ್ತು ಸಲ ತಿರುಗುತ್ತದೆ. ಇನ್ನೂ ವೇಗದವೂ ಉಂಟು. ಓದುವ ಮುಳ್ಳು ತಟ್ಟೆಯನ್ನು ಮುಟ್ಟುವುದಿಲ್ಲ; ಕೆಲವೇ ನ್ಯಾನೋಮೀಟರು ಮೇಲೆ ತೇಲುತ್ತದೆ. ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ನಮ್ಮ ತಲೆಗೂದಲ ದಪ್ಪವೇ ಎಪ್ಪತ್ತು ಎಂಬತ್ತು ಸಾವಿರ ನ್ಯಾನೋಮೀಟರು ಇರುವಾಗ, ಹೋಟಗಿಯ ಬೇಸಗೆಯ ಧೂಳಿನಲ್ಲಿ ಆ ಡಬ್ಬಿಯ ಮುಚ್ಚಳವನ್ನು ತೆರೆದು ನೋಡುವುದೆಂದರೆ, ಬಟ್ಟಲಿನಲ್ಲಿ ತೇಲುವ ಹೂವಿನ ಮೇಲೆ ಬಂಡೆಯನ್ನು ಉರುಳಿಸಿದಂತೆ. ಇಂಥ ಯಂತ್ರವನ್ನು ಐ.ಬಿ.ಎಂ. ಕಂಪನಿ ಮೊದಲ ಬಾರಿಗೆ ಲೋಕಕ್ಕೆ ತೋರಿಸಿದುದು ೧೯೫೬ರಲ್ಲಿ, ಅಂದರೆ ಭಾಷೆಗನುಗುಣವಾಗಿ ನಮ್ಮ ರಾಜ್ಯಗಳ ಗೆರೆಗಳನ್ನೆಳೆದ ವರುಷದಲ್ಲಿ. ಅದರಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದವು. ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳು ಮಾತ್ರ. ಇಂದು ಮಕ್ಕಳು ತೆಗೆಯುವ ಒಂದು ಛಾಯಾಚಿತ್ರಕ್ಕೆ ಅಷ್ಟು ಸಾಲದು.

ತಟ್ಟೆಯ ಮೇಲಿನ ಬರಹವು ‘ಸೆಕ್ಟರು’ ಎಂಬ ತುಣುಕುಗಳಾಗಿ ಇರುತ್ತದೆ. ಹಳೆಯ ಡಿಸ್ಕುಗಳಲ್ಲಿ ಒಂದೊಂದು ಸೆಕ್ಟರಿಗೆ ೫೧೨ ಬೈಟು, ಹೊಸವುಗಳಲ್ಲಿ ೪,೦೯೬ ಬೈಟು. ಒಂದೊಂದು ತುಣುಕಿನ ಬೆನ್ನಿಗೂ ತಪ್ಪನ್ನು ಹಿಡಿದು ತಿದ್ದುವ ಒಂದಿಷ್ಟು ಹೆಚ್ಚಿನ ಬರಹವಿರುತ್ತದೆ. ತಪ್ಪಾಗಿ ಓದಿದುದನ್ನು ಯಂತ್ರವು ತಾನಾಗಿ ತಿದ್ದುವುದೆಂದರೇನು ಎಂದು ನಾನು ಬೆರಗಾಗಿ ಕೇಳಿದೆನು. ಅವನು ಗಣಿತವನ್ನು ಹೇಳಿದನು. ನನಗೆ ಹೊಳೆದುದು ಕಂದಪದ್ಯ.

ಹತ್ತನೆಯ ತರಗತಿಯವರು ಬಲ್ಲರು: ಕಂದದ ಒಂದು ಮತ್ತು ಮೂರನೆಯ ಪಾದಗಳಿಗೆ ಹನ್ನೆರಡು ಮಾತ್ರೆ, ಎರಡು ಮತ್ತು ನಾಲ್ಕನೆಯ ಪಾದಗಳಿಗೆ ಇಪ್ಪತ್ತು ಮಾತ್ರೆ. ಓಲೆಯಲ್ಲಿ ಒಂದು ಪಾದಕ್ಕೆ ಹದಿನೆಂಟೇ ಮಾತ್ರೆ ಬಂದಿತೆನ್ನಿ. ಅಲ್ಲಿ ಏನೋ ಬಿದ್ದುಹೋಗಿದೆಯೆಂದು ಕವಿಯನ್ನು ಕೇಳದೆಯೇ ತಿಳಿಯುತ್ತದೆ. ಇದು ತಪ್ಪನ್ನು ಹಿಡಿಯುವ ಬಗೆ. ಇನ್ನು ಆದಿಪ್ರಾಸ. ನಾಲ್ಕು ಪಾದಗಳಲ್ಲಿಯೂ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಒಂದು ಪಾದದ ಎರಡನೆಯ ಅಕ್ಷರವನ್ನು ಹುಳು ತಿಂದಿದ್ದರೆ ಉಳಿದ ಮೂರು ಪಾದಗಳು ಅದನ್ನು ಹೇಳಿಕೊಡುತ್ತವೆ. ಇದು ತಪ್ಪನ್ನು ತಿದ್ದುವ ಬಗೆ. ನಮ್ಮ ಕವಿಗಳು ಕಿವಿಯ ಸೊಗಸಿಗಾಗಿ ಕಟ್ಟಿದ ಕಟ್ಟು ಓಲೆಗೆ ಕಾವಲೂ ಆಯಿತು. ಯಂತ್ರಗಳಿಗಾಗಿ ಇಂಥ ಕಟ್ಟನ್ನು ಲೆಕ್ಕಹಾಕಿ ತೋರಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರು. ವಾರದ ಕೊನೆಯಲ್ಲಿ ಅವರು ಒಪ್ಪಿಸಿ ಹೋಗುತ್ತಿದ್ದ ಲೆಕ್ಕವನ್ನು ಯಂತ್ರವು ತಪ್ಪು ಕಂಡೊಡನೆ ಕೈಬಿಟ್ಟುಬಿಡುತ್ತಿತ್ತಂತೆ. ತಪ್ಪಾಗಿದೆಯೆಂದು ತಿಳಿಯಬಲ್ಲ ಯಂತ್ರ ತಿದ್ದಿಕೊಳ್ಳಲೇಕೆ ಬಾರದು ಎಂಬ ಸಿಟ್ಟಿನಿಂದ ಆ ವಿದ್ಯೆ ಹುಟ್ಟಿತು. ಅವರ ಲೇಖನ ಅಚ್ಚಾದುದು ೧೯೫೦ರಲ್ಲಿ. ಅದೇ ವರುಷ ನಮ್ಮ ಸೊಲ್ಲಾಪುರದಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಲನ ನೆರೆದಿತ್ತು. ಎರಡಕ್ಕೂ ಸಂಬಂಧವಿಲ್ಲ, ಆದರೂ ನನಗೆ ಹೇಳದೆ ಇರಲಾಗಲಿಲ್ಲ.

ಪ್ರಾಸಕ್ಕೂ ಒಂದು ಮಿತಿಯುಂಟು. ಒಂದಕ್ಷರ ಹೋದರೆ ತುಂಬಬಹುದು. ಇಡೀ ಪಾದವೇ ಹೋದರೆ ಪ್ರಾಸವೇನು ಮಾಡೀತು? ಸಂಪಾದಕನು ಅಲ್ಲಿ ಚುಕ್ಕೆಗಳನ್ನಿಟ್ಟು ‘ಗ್ರಂಥಪಾತ’ ಎಂದು ಬರೆಯುತ್ತಾನೆ. ಡಿಸ್ಕಿನಲ್ಲಿಯೂ ಹಾಗೆಯೇ. ಒಂದು ಸೆಕ್ಟರಿನಲ್ಲಿ ತಿದ್ದುವ ಶಕ್ತಿಗೆ ಮೀರಿದಷ್ಟು ಕೆಟ್ಟಾಗ ಡಿಸ್ಕು ಸುಳ್ಳನ್ನು ಹೇಳುವುದಿಲ್ಲ, ‘ಓದಲಾರೆ’ ಎನ್ನುತ್ತದೆ. ಇದೇ ಆ ಓದಿನ ದೋಷ. ಆದರೆ ಹಾಗೆನ್ನುವ ಮುನ್ನ ಅದು ಬಹಳ ಹಟಮಾಡುತ್ತದೆ. ತಟ್ಟೆ ತಿರುಗಿ ಬಂದಂತೆಲ್ಲ ಅದೇ ಜಾಗವನ್ನು ಮತ್ತೆ ಓದಲು ಹವಣಿಸುತ್ತದೆ. ಹತ್ತು ಸೆಕೆಂಡು ಹಟ ಹಿಡಿದರೆ ತಟ್ಟೆ ಒಂಬೈನೂರು ಸುತ್ತು ತಿರುಗಿತು. ಪರದೆಯ ಮೇಲಿನ ಚಕ್ರ ತಿರುಗುತ್ತಿರುವಾಗ ಒಳಗೆ ನಡೆಯುತ್ತಿದ್ದುದು ಇದು. ನಾನು ನಲವತ್ತು ಸಲ ಒತ್ತಿದುದೆಂದರೆ, ಜೀರ್ಣವಾದ ಓಲೆಯ ಒಂದೇ ಸಾಲಿನ ಮೇಲೆ ಸಾವಿರಾರು ಸಲ ಬೆರಳಾಡಿಸಿದಂತೆ. ಮುಳ್ಳು ಸವೆದಿದ್ದರೆ ಉಳಿದ ಓಲೆಗಳೂ ಅಂದೇ ಹೋಗಬಹುದಾಗಿತ್ತು.

‘ಸರಿಪಡಿಸಲೇ’ ಎಂಬ ಆ ವಿನಯದ ಪ್ರಶ್ನೆಗೂ ಬಲಿಬೀಳಬಾರದು. ಆ ರಿಪೇರಿಯು ಕೆಟ್ಟ ಡಿಸ್ಕಿನ ಮೇಲೆಯೇ ಬರೆಯುತ್ತದೆ. ಓದಲಾಗದ ಸೆಕ್ಟರಿನ ಮೇಲೆ ಹೊಸದಾಗಿ ಬರೆದೊಡನೆ ಡಿಸ್ಕು, ಬೇಕಾದರೆ ಆ ಜಾಗವನ್ನು ಬಿಟ್ಟುಕೊಟ್ಟು ತನ್ನಲ್ಲಿ ಮೀಸಲಿರುವ ಬೇರೆ ಸೆಕ್ಟರನ್ನು ಅದರ ಹೆಸರಿಗೆ ಹಚ್ಚುತ್ತದೆ. ದೋಷ ಮಾಯವಾಗುತ್ತದೆ, ನಿಜ. ಅಲ್ಲಿದ್ದ ಅಕ್ಷರವೂ ಮಾಯವಾಗುತ್ತದೆ. ಹುಳು ತಿಂದ ಓಲೆಯನ್ನು ಕಿತ್ತೆಸೆದು ಖಾಲಿ ಓಲೆಯೊಂದನ್ನು ಪೋಣಿಸಿ, ಕಟ್ಟು ಈಗ ಚೆನ್ನಾಗಿದೆ ಎಂದಂತೆ. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎನ್ನುವವರ ಮಾತಿನಲ್ಲಿಯೂ ಇಷ್ಟೇ ಹುರುಳು. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟು ತೆಗೆದರೆ ಬದುಕುತ್ತದೆ ಎಂಬ ಅಜ್ಜಿವೈದ್ಯವನ್ನೂ ಒಬ್ಬರು ನನಗೆ ಹೇಳಿದರು. ತಂಪಾದ ಲೋಹವನ್ನು ನಮ್ಮ ಬಿಸಿಗಾಳಿಗೆ ತಂದರೆ ನೀರು ಹನಿಗೂಡುವುದೆಂಬುದನ್ನು ಅವರು ಆಲೋಚಿಸಿರಲಿಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಡಿಸ್ಕಿನಿಂದ ಟಕ್ ಟಕ್ ಎಂದು ಒಂದೇ ಸಮನೆ ಬಡಿಯುವ ಸದ್ದು ಬರುತ್ತಿದ್ದರೆ ಅಥವಾ ತಟ್ಟೆ ತಿರುಗದೆಯೇ ಹೋದರೆ ರೋಗ ಮನೆಮದ್ದಿನದಲ್ಲ. ಒಡನೆ ಬಂದ್ ಮಾಡಿ, ಧೂಳಿಲ್ಲದ ಕೋಣೆಯಲ್ಲಿ ಡಬ್ಬಿಯನ್ನು ತೆರೆದು ಕೆಲಸಮಾಡುವ ತಜ್ಞರಿಗೆ ಒಪ್ಪಿಸಬೇಕು. ವೆಚ್ಚ ಹೆಚ್ಚು, ಒಳಗಿರುವುದರ ಬೆಲೆಯನ್ನು ಅವರವರೇ ಅಳೆಯಬೇಕು. ನಮ್ಮ ಡಿಸ್ಕು ಸದ್ದುಮಾಡುತ್ತಿರಲಿಲ್ಲ. ಅದು ನಿಧಾನವಾಗಿ ಓದುತ್ತ, ಅಲ್ಲಲ್ಲಿ ತಡೆಯುತ್ತ ಇದ್ದಿತು, ತೊದಲುವ ಮುದುಕನಂತೆ.

ನನ್ನ ವಿದ್ಯಾರ್ಥಿಯು ಮೊದಲು ಡಿಸ್ಕಿನ ನಾಡಿಯನ್ನು ನೋಡಿದನು. ಡಿಸ್ಕುಗಳು ತಮ್ಮ ಆರೋಗ್ಯದ ದಿನಚರಿಯನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ‘ಸ್ಮಾರ್ಟ್’ ಎಂದು ಅದರ ಹೆಸರು. ಅದರ ೫ನೆಯ ಸಾಲಿನಲ್ಲಿ ಬದಲಿ ಹಚ್ಚಿದ ಸೆಕ್ಟರುಗಳ ಲೆಕ್ಕ, ೧೯೭ರಲ್ಲಿ ಓದಲಾಗದೆ ತೂಗುಬಿದ್ದಿರುವವುಗಳ ಲೆಕ್ಕ, ೧೯೮ರಲ್ಲಿ ತಿದ್ದಲಾಗದವುಗಳ ಲೆಕ್ಕ. ಈ ಮೂರೂ ಸೊನ್ನೆಯಾಗಿರಬೇಕು. ನಮ್ಮದರಲ್ಲಿ ಮೂರೂ ಸೊನ್ನೆಯಾಗಿರಲಿಲ್ಲ. ವಿಂಡೋಸ್ ಇರುವವರು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶವನ್ನು ಹಾಕಿಕೊಂಡರೆ ಈ ದಿನಚರಿಯನ್ನು ಯಾರಾದರೂ ಓದಬಹುದು. ನಾನದನ್ನು ಒಂದು ವರುಷ ಮೊದಲೇ ಓದಿದ್ದರೆ ಈ ಭಾಷಣ ಬೇಕಾಗುತ್ತಿರಲಿಲ್ಲ.

ಅನಂತರ ಅವನು ಲಿನಕ್ಸ್ ಇದ್ದ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಿ, ನಮ್ಮ ಡಿಸ್ಕಿನ ಪಕ್ಕದಲ್ಲಿ ದೊಡ್ಡದಾದ ಹೊಸ ಡಿಸ್ಕೊಂದನ್ನು ಜೋಡಿಸಿ, ‘ಡಿಡಿರೆಸ್ಕ್ಯೂ’ ಎಂಬ ತಂತ್ರಾಂಶವನ್ನು ನಡೆಸಿದನು. ಗ್ನೂ ಬಳಗದ ಈ ತಂತ್ರಾಂಶವನ್ನು ಆಂಟೋನಿಯೋ ದಿಯಾಸ್ ದಿಯಾಸ್ ಎಂಬವರು ೨೦೦೪ರಿಂದ ಬರೆದು ನಡೆಸಿಕೊಂಡು ಬಂದಿದ್ದಾರೆ, ಹಣ ಕೊಡಬೇಕಾಗಿಲ್ಲ. ಅದರ ನಡೆ ನನಗೆ ಬಹಳ ಹಿಡಿಸಿತು. ಸಾಮಾನ್ಯವಾಗಿ ನಕಲುಮಾಡುವವನು ಮೊದಲಿನಿಂದ ಓದುತ್ತ ಹೋಗಿ, ತೊಡಕಿನ ಜಾಗದಲ್ಲಿ ನಿಂತು ಗುದ್ದಾಡುತ್ತಾನೆ. ಇದು ಹಾಗಲ್ಲ. ತೊಡಕು ಬಂದೊಡನೆ ‘ಇಲ್ಲಿ ಕೆಟ್ಟಿದೆ’ ಎಂದು ಒಂದು ನಕಾಶೆಯ ಫೈಲಿನಲ್ಲಿ ಗುರುತುಹಾಕಿ ಮುಂದಕ್ಕೆ ಹಾರುತ್ತದೆ. ಹೋಟಗಿ ಜಂಕ್ಷನ್ನಿನಲ್ಲಿ ಒಂದು ಹಳಿ ಕೆಟ್ಟರೆ ಸ್ಟೇಷನ್ ಮಾಸ್ತರರು ಎಲ್ಲ ಗಾಡಿಗಳನ್ನೂ ನಿಲ್ಲಿಸಿ ಕೂಡುತ್ತಾರೆಯೆ? ಸರಿಯಿರುವ ಹಳಿಯ ಮೇಲೆ ಗಾಡಿಗಳನ್ನು ಮೊದಲು ದಾಟಿಸುತ್ತಾರೆ. ಹಾಗೆ ಸುಲಭವಾಗಿ ಬರುವುದನ್ನೆಲ್ಲ ಮೊದಲ ಸುತ್ತಿನಲ್ಲಿ ತಂದು, ಡಿಸ್ಕಿಗೆ ಜೀವವಿದ್ದರೆ ಎರಡನೆಯ ಸುತ್ತಿನಲ್ಲಿ ಕೆಟ್ಟ ಜಾಗಗಳ ಅಂಚುಗಳನ್ನು ಸವರಿ, ಮೂರನೆಯದರಲ್ಲಿ ಒಂದೊಂದೇ ಸೆಕ್ಟರನ್ನು ಕೆರೆದು, ಕೊನೆಗೆ ನಾವು ಹೇಳಿದಷ್ಟು ಸಲ ಮರಳಿ ಯತ್ನಿಸುತ್ತದೆ. ಬೇಕೆಂದರೆ ಹಿಂದಿನಿಂದ ಮುಂದಕ್ಕೂ ಓದುತ್ತದೆ.

ನೂರಕ್ಕೆ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚು ಆ ರಾತ್ರಿಯೇ ಬಂದುಬಿಟ್ಟಿತು. ಉಳಿದ ಚೂರಿಗೆ ಮೂರು ದಿನ ಹಿಡಿಯಿತು. ಡಿಸ್ಕಿಗೆ ಟೇಬಲ್ ಫ್ಯಾನಿನ ಗಾಳಿ ಬೀಸಿ ನಾವು ಮಾತ್ರ ಬೆವರುತ್ತ ಕುಳಿತೆವು. ನಡುವೆ ಎರಡು ಸಲ ಕರೆಂಟು ಹೋಯಿತು. ನನ್ನ ಎದೆ ಧಸಕ್ಕೆಂದಿತು. ಅವನು ನಕ್ಕು, ಕರೆಂಟು ಹೋದರೆ ತಿರುಗುತ್ತಿರುವ ತಟ್ಟೆಯ ಬಲದಿಂದಲೇ ಡಿಸ್ಕು ತನ್ನ ಮುಳ್ಳನ್ನು ಹಿಂದೆಳೆದುಕೊಳ್ಳುತ್ತದೆಂದೂ, ನಕಾಶೆಯ ಫೈಲು ಇರುವುದರಿಂದ ನಿಂತಲ್ಲಿಂದಲೇ ಮುಂದುವರಿಯಬಹುದೆಂದೂ ಹೇಳಿದನು. ಹಾಗೆಯೇ ಆಯಿತು.

ಆ ರಾತ್ರಿ ನನಗೆ ನೆನಪಾದವರು ವಿಜಯಪುರದ ಫ. ಗು. ಹಳಕಟ್ಟಿಯವರು (೧೮೮೦–೧೯೬೪). ನಮ್ಮ ಜಂಕ್ಷನ್ನಿನಿಂದ ಗದಗಿನ ಕಡೆಗೆ ಹೊರಟ ಗಾಡಿಯು ಅವರ ಊರಿನ ಮೇಲೆಯೇ ಹೋಗುತ್ತದೆ. ವಕೀಲರಾಗಿದ್ದ ಅವರು ಮನೆಮನೆಗಳಿಂದ ವಚನಗಳ ತಾಡೋಲೆಗಳನ್ನು ಕೂಡಿಸಿ, ಪ್ರತಿಮಾಡಿ, ‘ವಚನಶಾಸ್ತ್ರಸಾರ’ವನ್ನು ೧೯೨೩ರಲ್ಲಿ ಹೊರತಂದರು. ವಚನಕ್ಕೆ ಮಾತ್ರೆಯ ಲೆಕ್ಕವಿಲ್ಲ, ಆದಿಪ್ರಾಸದ ಕಟ್ಟಿಲ್ಲ. ಅಲ್ಲಿ ಒಂದು ಶಬ್ದ ಹೋದರೆ ತುಂಬಿಕೊಡುವ ಒಳಗಾವಲೇ ಇಲ್ಲ. ಬೇರೊಂದು ಮನೆಯ ಬೇರೊಂದು ಓಲೆಯೇ ಗತಿ. ನಮ್ಮ ಸೊನ್ನಲಿಗೆಯ ಸಿದ್ಧರಾಮನ ವಚನಗಳು ಇಂದು ನಮ್ಮ ಕೈಯಲ್ಲಿರುವುದು ಅವು ಒಂದೇ ಮನೆಯ ಒಂದೇ ಕಟ್ಟಿನಲ್ಲಿ ಉಳಿದಿರಲಿಲ್ಲವಾದುದರಿಂದ. ಇದನ್ನು ಮೂವತ್ತು ಮಕ್ಕಳಿಗೆ ಪ್ರತಿವರುಷವೂ ಪಾಠ ಹೇಳುವ ನಾನು, ೩೪೦ ಹಾಡುಗಳನ್ನು ಒಂದು ಖಾನೆಯಲ್ಲಿಟ್ಟಿದ್ದೆನು.

ನಾಲ್ಕನೆಯ ದಿನ ಲೆಕ್ಕ ಸಿಕ್ಕಿತು. ೫೦೦ ಗಿಗಾಬೈಟಿನಲ್ಲಿ ಓದಲಾಗದೆ ಉಳಿದುದು ೫೩ ಸೆಕ್ಟರು, ಅಂದರೆ ೨೧೨ ಕಿಲೋಬೈಟು. ಅವುಗಳಲ್ಲಿ ೩೧ ಬಿದ್ದುದು ಡಿಸ್ಕಿನ ಖಾಲಿ ಜಾಗದಲ್ಲಿ; ಅವುಗಳಿಗಾಗಿ ಅಳಬೇಕಾಗಿಲ್ಲ. ಉಳಿದವುಗಳಲ್ಲಿ ಕೆಲವು ಛಾಯಾಚಿತ್ರಗಳಿಗೆ ತಗುಲಿ, ಹಿಂದಿನ ವರುಷದ ಒಂದು ಗುಂಪುಚಿತ್ರದಲ್ಲಿ ಕೆಳಗಿನ ಸಾಲಿನವರು ಬೂದುಬಣ್ಣದ ಗೋಡೆಯ ಹಿಂದೆ ಮರೆಯಾದರು. ಒಂದು ಸೆಕ್ಟರು ನಾನು ಬರೆದಿಟ್ಟಿದ್ದ ಮುನ್ನುಡಿಗೆ ತಗುಲಿತು. ಹೊಸ ವರ್ಡ್ ಫೈಲುಗಳು ಒತ್ತಿ ಮಡಿಚಿಟ್ಟ ಗಂಟಿನಂತಿರುವುದರಿಂದ, ಒಂದು ಎಳೆ ಹರಿದರೆ ಗಂಟು ಬಿಚ್ಚುವುದೇ ಇಲ್ಲ. ಮುನ್ನುಡಿ ಪೂರ್ತಿ ಹೋಯಿತು. ಅದನ್ನು ಮತ್ತೆ ಬರೆದೆನು. ಎರಡನೆಯದು ಚಿಕ್ಕದಾಯಿತು, ಮೇಲಾಯಿತೆಂದು ಮನೆಯವರ ಅಭಿಪ್ರಾಯ.

ಹಾಡುಗಳ ಪಟ್ಟಿಯಿದ್ದ ಹಳೆಯ ಫೈಲನ್ನು ತೆರೆದಾಗ ಮಾತ್ರ ನನ್ನ ವಿದ್ಯಾರ್ಥಿಯ ಮುಖ ಬಾಡಿತು. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಇಂಗ್ಲೆಂಡಿನ ಪೌಂಡ್ ಹಣದ ಗುರುತು. “ಇದೂ ಕೆಟ್ಟೈತಿ ಸರ್,” ಎಂದನು. ಅಲ್ಲಿ ನಾನು ಮತ್ತೆ ಮಾಸ್ತರನಾದೆನು. ಅದು ಕೆಟ್ಟಿರಲಿಲ್ಲ, ನುಡಿ ತಂತ್ರಾಂಶದಲ್ಲಿ ಹಳೆಯ ಬಗೆಯಿಂದ ಟೈಪು ಮಾಡಿದುದಾಗಿತ್ತು. ಆ ಕ್ರಮದಲ್ಲಿ ಕನ್ನಡದ ಅಕ್ಷರವು ಅಕ್ಷರವಾಗಿ ಡಿಸ್ಕಿಗೆ ಹೋಗುವುದಿಲ್ಲ. ತಲೆಕಟ್ಟು, ಕೊಂಬು, ಒತ್ತು ಎಂಬ ಆಕಾರದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂಡುತ್ತವೆ. ‘ನ’ಕಾರ ಕೂಡುವ ಮನೆಯೇ ಪೌಂಡಿನ ಗುರುತಿನದು. ಫಾಂಟು ಹಾಕಿದೊಡನೆ ಕನ್ನಡ ಕಣ್ದೆರೆಯಿತು. ಅನಂತರ ಅದನ್ನು ಯೂನಿಕೋಡಿಗೆ ಬದಲಾಯಿಸಿಟ್ಟೆವು. ತಮ್ಮ ಮನೆಗಳಲ್ಲಿಯೂ ಹಳೆಯ ಫೈಲುಗಳು ಹೀಗೆ ಕಂಡರೆ, ಕೆಟ್ಟಿವೆಯೆಂದು ಅಳಿಸಬೇಡಿರಿ.

ಇನ್ನು ಹಾಡುಗಳು. ಮೂರಕ್ಕೆ ಪೆಟ್ಟು ಬಿದ್ದಿತ್ತು. ನಮ್ಮ ಧ್ವನಿ ಫೈಲುಗಳಲ್ಲಿ ಒಂದು ಸೆಕೆಂಡಿನ ಹಾಡಿಗೆ ೧೬,೦೦೦ ಬೈಟು. ಆದುದರಿಂದ ಒಂದು ಸೆಕ್ಟರು ಹೋದರೆ ಕಾಲು ಸೆಕೆಂಡಿನ ಮೌನ. ಎರಡು ಹಾಡುಗಳಿಗೆ ಒಂದೊಂದೇ ಸೆಕ್ಟರಿನ ನಷ್ಟ. ಬೀಸುವ ಕಲ್ಲಿಗೆ ಇಬ್ಬರು ಕೂಡುತ್ತಾರಲ್ಲವೆ. ಒಬ್ಬಳು ಹಾಡಿದ ಸಾಲನ್ನು ಎದುರಿನವಳು ಮರಳಿ ಹಾಡುತ್ತಾಳೆ. ಮೊದಲಿನವಳ ಬಾಯಲ್ಲಿ ಬಿದ್ದುಹೋದ ಅಕ್ಷರ ಎರಡನೆಯವಳ ಬಾಯಲ್ಲಿ ಸಿಕ್ಕಿತು. ಹ್ಯಾಮಿಂಗರಿಗಿಂತ ಬಹು ಹಿಂದೆಯೇ ನಮ್ಮ ತಾಯಂದಿರಿಗೆ ಈ ವಿದ್ಯೆ ಗೊತ್ತಿತ್ತೆಂದು ನಾನು ಹೇಳಹೊರಟರೆ ತಾವು ನಗಬಹುದು, ನಗಿರಿ, ಅಡ್ಡಿಯಿಲ್ಲ.

ಮೂರನೆಯ ಹಾಡಿನಲ್ಲಿ ಎಂಟು ಸೆಕ್ಟರುಗಳು ಒಂದರ ಹಿಂದೊಂದು ಹೋಗಿದ್ದವು. ಎರಡು ಸೆಕೆಂಡು. ಅದನ್ನು ಹಾಡಿದಾಕೆ ಒಬ್ಬಳೇ ಹಾಡಿದ್ದಳು. ಆಕೆ ತೀರಿ ಎರಡು ವರುಷ. ತವರಿನಿಂದ ಅಣ್ಣ ತಂದ ಸೀರೆಯ ಹಾಡು ಅದು. ಸೀರೆ ಯಾವ ಪೇಟೆಯದೆಂದು ಹೇಳುವಲ್ಲಿ ಧ್ವನಿ ಇಲ್ಲ.

ವಳಸಂಗದಲ್ಲಿ ಆಕೆಯ ಸೊಸೆ ಇದ್ದಾಳೆಂದು ತಿಳಿದು ಹೋದೆನು. ವಿಷಯವನ್ನು ಹೇಳಿದೆನು. ಆ ತಾಯಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು, “ನಿಮ್ಮ ಪೆಟಗಿ ಮರತ್ರ ನಾ ಮರೀತೀನೇನ್ರೀ, ಮಾಸ್ತರ?” ಎಂದು ನಕ್ಕು, ನಿಂತಲ್ಲಿಯೇ ಹಾಡಿಬಿಟ್ಟಳು. ಆಕೆಯ ಬಾಯಲ್ಲಿ ಸೀರೆ ಸೊಲ್ಲಾಪುರದ ಪೇಟೆಯದು. ನಾನು ಸಂತೋಷದಿಂದ ಬರೆದುಕೊಳ್ಳುತ್ತಿದ್ದಂತೆ ನೆರೆಮನೆಯ ಮುದುಕಿಯೊಬ್ಬಳು ಹೊಸ್ತಿಲಲ್ಲಿ ನಿಂತು, “ಅಲ್ಲೇಳು, ನಿಮ್ಮತ್ತಿ ಅಕ್ಕಲಕೋಟಿ ಅಂತಿದ್ಳು. ಅಕೀ ತವರು ಅದ ಅಲ್ಲೇನು?” ಎಂದಳು. ಸೊಸೆ ಒಪ್ಪಲಿಲ್ಲ. ಇಬ್ಬರಿಗೂ ಒಂದು ಗಳಿಗೆ ವಾದವೇ ನಡೆಯಿತು.

ಮನೆಗೆ ಬಂದು ಪ್ರಾಸವನ್ನು ನೋಡಿದೆನು. ತ್ರಿಪದಿಯ ಉಳಿದ ಸಾಲುಗಳಲ್ಲಿ ಎರಡನೆಯ ಅಕ್ಷರ ‘ಲ್ಲ’ಕಾರ; ಸೊಲ್ಲಾಪುರಕ್ಕೆ ಒಪ್ಪುತ್ತದೆ, ಅಕ್ಕಲಕೋಟೆಗೆ ಒಪ್ಪುವುದಿಲ್ಲ. ಶಾಸ್ತ್ರವು ಸೊಸೆಯ ಪಕ್ಷ. ಆದರೆ ಹಾಡುವ ಹೆಣ್ಣು ತವರಿನ ಹೆಸರು ಬಂದಲ್ಲಿ ಪ್ರಾಸವನ್ನು ಬಿಟ್ಟುಕೊಟ್ಟಿರಲಾರಳೆಂದು ನಾನು ಹೇಗೆ ಹೇಳಲಿ? ಈ ಸಂಚಿಕೆಯಲ್ಲಿ ಹಾಡನ್ನು ಅಚ್ಚುಮಾಡುವಾಗ ‘ಸೊಲ್ಲಾಪುರ’ ಎಂಬುದನ್ನು ಕಂಸದಲ್ಲಿಟ್ಟು, ಅಡಿಟಿಪ್ಪಣಿಯಲ್ಲಿ ‘ಅಕ್ಕಲಕೋಟೆ’ ಎಂಬ ಪಾಠಾಂತರವನ್ನು ಕೊಟ್ಟಿದ್ದೇನೆ. ಧ್ವನಿಯ ಫೈಲಿನಲ್ಲಿ ಸೊಸೆಯ ಕಂಠವನ್ನು ಸೇರಿಸಿ ಬಿಡಬಹುದೆಂದು ಹುಡುಗರು ಹೇಳಿದರು. ಬೇಡವೆಂದೆನು. ಆ ಎರಡು ಸೆಕೆಂಡು ಹಾಗೆಯೇ ಖಾಲಿಯಿವೆ; ಸೊಸೆಯ ಹಾಡು ಬೇರೊಂದು ಫೈಲಾಗಿ ಅದರ ಪಕ್ಕದಲ್ಲಿದೆ, ೩೪೧ನೆಯದಾಗಿ.

ಹಾಡುಗಳ ಪ್ರತಿಗಳು ಈಗ ಮೂರು. ಒಂದು ಸಂಘದ ಕಪಾಟಿನಲ್ಲಿ, ಒಂದು ವಿಜಯಪುರದ ನಮ್ಮ ಬೀಗರ ಮನೆಯಲ್ಲಿ, ಒಂದು ಇಂಟರ್ನೆಟ್ಟಿನ ಉಗ್ರಾಣದಲ್ಲಿ. ಹಳೆಯ ಡಿಸ್ಕಿನ ಮೇಲೆ ‘ಬಳಸಬಾರದು’ ಎಂದು ಬರೆದ ಚೀಟಿ ಅಂಟಿಸಿದ್ದೇನೆ.

ಸಭೆಯ ತಾಯಂದಿರಲ್ಲಿ ಮತ್ತು ಬಂಧುಗಳಲ್ಲಿ ಒಂದು ಬಿನ್ನಹ. ತಮ್ಮ ಮನೆಯ ಕಪಾಟುಗಳಲ್ಲಿ ತೊದಲುತ್ತಿರುವ ಡಿಸ್ಕುಗಳಿದ್ದರೆ, ಅವುಗಳನ್ನು ಮತ್ತೆ ಚಾಲೂ ಮಾಡಿ ನೋಡದೆ, ಬಟ್ಟೆಯಲ್ಲಿ ಸುತ್ತಿ ರವಿವಾರ ಬೆಳಿಗ್ಗೆ ಶಾಲೆಗೆ ತನ್ನಿರಿ. ಅದಕ್ಕಿಂತ ದೊಡ್ಡದಾದ ಹೊಸ ಡಿಸ್ಕೊಂದನ್ನೂ ಜೊತೆಗೆ ತರಬೇಕು. ಆ ಹುಡುಗನು ದಸರೆಯ ಸೂಟಿಗೆ ಬರುವವನಿದ್ದಾನೆ. ನಕಾಶೆಯ ಫೈಲನ್ನು ಓದುವುದನ್ನು ಅಷ್ಟರೊಳಗೆ ನಾನೂ ಕಲಿತಿರುತ್ತೇನೆ.